ಮೇಜಿನ ಕೆಳಗಿಂದ ಎದ್ದು ಬಂದ ದನಿ

ಬೆಳಗಿನ ಐದೂಮುಕ್ಕಾಲು. ಚಿಂಚಿಣಿಯ ಇಗರ್ಜಿಯಲ್ಲಿ ಭಾನುವಾರದ ಮೊದಲ ಪೂಜೆಯ ಗಂಟೆ ಇನ್ನೂ ಬಾರಿಸಿಲ್ಲ. ಎರ್ಮೆಲಿಂದಾ ಬಾರ್ಬೋಜಾ ತಮ್ಮ ಮನೆಯ ಬಲ್ಕಾಂವಿನಲ್ಲಿ, ಎಂದರೆ ಎದುರುಬದುರು ಎರಡು ಸಿಮೆಂಟಿನ ಆಸನಗಳಿರುವ ಮುಂಜಗಲಿಯಲ್ಲಿ, ನೋಟ್‌ಬುಕ್ಕನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾರೆ. ಕನ್ನಡಕ ಹಣೆಯ ಮೇಲಿದೆ, ಪೆನ್ನು ತುರುಬಿನಲ್ಲಿದೆ. ಅವರು ಕಾಯುತ್ತಿರುವುದು ಪಾವಿಗಲ್ಲ, ಎಂದರೆ ಬೆಳಗಿನ ಬಿಸಿ ಬ್ರೆಡ್ಡಿಗಲ್ಲ, ಅದರ ಜೊತೆ ಬರುವ ಸುದ್ದಿಗೆ.

ಪೊಂಕ್ ಪೊಂಕ್ ಎಂದು ಸೈಕಲ್ಲಿನ ಹಾರ್ನ್ ಕೇಳುತ್ತದೆ. ಪಾವಿನ ಇನಾಸ್ ಗೇಟಿನ ಮುಂದೆ ಒಂದು ಕಾಲೂರಿ ನಿಲ್ಲುತ್ತಾನೆ.

“ಎಂತ ಸುದ್ದಿ ಇನಾಸ್?”

“ಮೊದಲು ಪಾವು ಎಷ್ಟು ಹೇಳಿ ಬಾಯ್. ಸುದ್ದಿ ಪುಕ್ಕಟೆ.”

“ಆರು ಕೊಡು. ಸುದ್ದಿ ಬಿಸಿ ಉಂಟಾ?”

“ಪಾವಿಗಿಂತ ಬಿಸಿ. ಕೆಳಗಿನ ವಾಡ್ಯದ ಸಿಪ್ರು ಅಂಕಲ್ ಹೊಸ ಹಲ್ಲಿನ ಸೆಟ್ಟು ಹಾಕ್ಕೊಂಡು ನಿನ್ನೆ ಫುಟ್‌ಬಾಲ್ ನೋಡ್ಲಿಕ್ಕೆ ಬಂದಿದ್ರು. ನಮ್ಮವರು ಗೋಲು ಹೊಡೆದ್ರು, ಅಂಕಲ್ ಬೊಬ್ಬೆ ಹೊಡೆದ್ರು, ಹಲ್ಲು ಹೋಗಿ ಮೈದಾನದೊಳಗೆ! ರೆಫ್ರಿ ಸೀಟಿ ಊದಿ ಆಟ ನಿಲ್ಲಿಸ್ಬೇಕಾಯ್ತು.”

“ಹೆಸರು ಹೇಳ್ಬಹುದಾ?”

“ಹೇಳದಿದ್ರೆ ಅವರಿಗೇ ಬೇಜಾರು.”

ಲಿಂದಾ ಬಾಯ್ (ಊರಿಗೆ ಊರೇ ಅವರನ್ನು ಕರೆಯುವುದು ಹಾಗೆ) ತುರುಬಿನಿಂದ ಪೆನ್ನು ಎಳೆದು ಬರೆದುಕೊಳ್ಳುತ್ತಾರೆ. ಇನ್ನು ಐದು ಗಂಟೆ ಕಳೆದರೆ ಸಿಪ್ರು ಅಂಕಲ್ಲಿನ ಹಲ್ಲು ಸುತ್ತಲಿನ ಹದಿನಾಲ್ಕು ಹಳ್ಳಿಗಳ ಅಡುಗೆಮನೆ ಸೇರುತ್ತದೆ. ಇನಾಸ್ ಹೊರಟವನು ತಿರುಗಿ ಕೇಳುತ್ತಾನೆ:

“ಇವತ್ತು ಬೊನಿ ತಾರ್ಲೊ ಉಂಟಾ?”

“ಉಂಟು.”

“ಸೊಳ್ಳೆ ಬರ್ಲಿಕ್ಕಿಲ್ಲ ಅಲ್ವಾ ಬಾಯ್?”

ಲಿಂದಾ ಬಾಯ್ ಪೆನ್ನನ್ನು ಮತ್ತೆ ತುರುಬಿಗೆ ಸಿಕ್ಕಿಸಿಕೊಳ್ಳುತ್ತಾರೆ. ಆರು ಪಾವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಒಳಗೆ ಹೋಗುತ್ತಾರೆ.

ಆ ಸೊಳ್ಳೆಯ ವಿಷಯಕ್ಕೆ ಆಮೇಲೆ ಬರೋಣ. ನಾನು ಮಡಗಾಂವಿನ ಶಾಲೆಗೆ ಮಾಸ್ತರನಾಗಿ ಬಂದು ಇಪ್ಪತ್ತೊಂಬತ್ತು ವರ್ಷವಾಯಿತು. ನನ್ನ ಕೊಂಕಣಿಯಲ್ಲಿ ಅರ್ಧದಷ್ಟನ್ನಾದರೂ ನಾನು ಕಲಿತದ್ದು ಭಾನುವಾರ ಹನ್ನೊಂದರಿಂದ ಹನ್ನೆರಡರವರೆಗೆ ಮೀನು ತೊಳೆಯುತ್ತ, ಪಕ್ಕದಲ್ಲಿ ರೇಡಿಯೊ ಇಟ್ಟುಕೊಂಡು. ‘ಬಲ್ಕಾಂವ್’ ಎಂಬುದು ಕಾರ್ಯಕ್ರಮದ ಹೆಸರು. ಸಾಳ್ ನದಿ ದಂಡೆಯ ಪುಟ್ಟ ಸಮುದಾಯ ರೇಡಿಯೊದಲ್ಲಿ ಹದಿನೇಳು ವರ್ಷದಿಂದ ಬರುತ್ತಿದೆ. ಎರಡು ಮೂರು ಹಾಡು, ಆರು ನಿಮಿಷದ ಒಂದು ನಾಟಕ, ಊರಿನ ಸುದ್ದಿ, ಕೊನೆಗೆ ಹಾಸ್ಯ. ಈಸ್ಟರ್ ಭಾನುವಾರ ಬಿಟ್ಟರೆ ರಜೆ ಇಲ್ಲ. ಬಿರುಗಾಳಿಗೆ ಟವರ್ ಬಗ್ಗಿದಾಗ ಎರಡು ವಾರ ತಪ್ಪಿತ್ತು. ಇವತ್ತಿನದು ಎಂಟುನೂರ ಅರವತ್ತೈದನೆಯದು. ಪತ್ರಿಕೆಗಳಲ್ಲಿ ಲಿಂದಾ ಬಾಯ್ ಹೆಸರು ಇದುವರೆಗೆ ಅಚ್ಚಾದದ್ದು ಒಂದೇ ಸಲ, ಗಂಡ ತೀರಿಕೊಂಡಾಗ, ನಿಧನ ವಾರ್ತೆಯ ಕೊನೆಯ ಸಾಲಿನಲ್ಲಿ.

ಮೈಕಿನ ಮುಂದೆ ಬರುವುದಕ್ಕೆ ಮೊದಲು ಅವರು ಮೂವತ್ತೊಂದು ವರ್ಷ ಕತ್ತಲಲ್ಲಿ ಕೂತಿದ್ದವರು. ತಂದೆ ಮಿಂಗೆಲ್ ತಿಯಾತ್ರ್ ಕಂಪನಿಗಳಲ್ಲಿ ಪ್ರಾಂಪ್ಟರ್ ಆಗಿದ್ದರು. ಹಾಡು, ನಗು, ಅಳು ಮೂರನ್ನೂ ಒಂದೇ ಸಂಜೆಗೆ ಬಡಿಸುವ ನಾಟಕ ಈ ತಿಯಾತ್ರ್. ವರ್ಷಕ್ಕೆ ಐದಾರು ಹೊಸ ನಾಟಕ ಆಡುವ ನಟರು ಮಾತು ಬಾಯಿಪಾಠ ಮಾಡುವುದು ಅಷ್ಟಕ್ಕಷ್ಟೇ. ಪರದೆಯ ಮರೆಯಲ್ಲಿ ಒಬ್ಬರು ಕೂತು ಇಡೀ ನಾಟಕವನ್ನು ಸಾಲು ಸಾಲಾಗಿ ಪಿಸುಗುಟ್ಟುತ್ತಿರಬೇಕು, ನಟ ಅದನ್ನು ಹಿಡಿದು ಆಡುತ್ತಿರಬೇಕು. ಪಿಸುಮಾತು ನಟನಿಗೆ ತಲುಪಬೇಕು, ಮೊದಲ ಸಾಲಿನ ಪ್ರೇಕ್ಷಕನಿಗೆ ತಲುಪಬಾರದು.

“ಅಪ್ಪನಿಗೆ ಕಣ್ಣು ಮಂಜಾಯ್ತು. ಆಗ ನಂಗೆ ಹದಿನಾರು,” ಎನ್ನುತ್ತಾರೆ ಲಿಂದಾ ಬಾಯ್. “ನಿಂಗೆ ಓದ್ಲಿಕ್ಕೆ ಬರ್ತದಲ್ಲ, ಬಾ ಕೂತ್ಕೋ ಅಂದ್ರು. ಕೂತೆ. ಹೆಂಗಸು ಅಲ್ಲಿ ಕೂತ್ರೆ ನಾಟಕ ಬಿದ್ದು ಹೋಗ್ತದೆ ಅಂತ ಕೆಲವರು ಹೇಳಿದ್ರು. ನಾಟಕ ಬಿದ್ದದ್ದುಂಟು ಮಾಸ್ತರ್, ಆದ್ರೆ ಅದು ಬರೆದವರ ಕೃಪೆ.”

ಪೋಸ್ಟರಿನಲ್ಲಿ ನಿಮ್ಮ ಹೆಸರು ಇರುತ್ತಿತ್ತೇ ಎಂದು ಕೇಳಿದರೆ ಅವರಿಗೆ ನಗು.

“ಮಧ್ಯದ ಬಿಡುವಿನಲ್ಲಿ ಐಸ್‌ಕ್ರೀಮ್ ಮಾರುವವನ ಹೆಸರಿತ್ತು. ನನ್ನದು ಎಂತಕ್ಕೆ? ಪ್ರಾಂಪ್ಟರ್ ಇದ್ದಾನೆ ಅಂತ ಜನರಿಗೆ ಗೊತ್ತಾದ್ರೆ ಅವನು ಪ್ರಾಂಪ್ಟರೇ ಅಲ್ಲ. ಅಪ್ಪ ಹಾಗೇ ಹೇಳ್ತಿದ್ದದ್ದು.”

ಹೊಟ್ಟೆಪಾಡಿಗೆ ಅಂದೂ ಇಂದೂ ಹೊಲಿಗೆ ಯಂತ್ರ. ಮದುವೆಯ ಗೌನು, ಪಾದ್ರಿಗಳ ನಿಲುವಂಗಿ, ಪೀಠದ ಹಾಸುಬಟ್ಟೆ ಎಲ್ಲ ಅವರೇ ಹೊಲಿಯುತ್ತಾರೆ. ಗಂಡ ಹಡಗಿನಲ್ಲಿ ಅಡುಗೆಯವರಾಗಿದ್ದರು. ವರ್ಷದಲ್ಲಿ ಹತ್ತು ತಿಂಗಳು ನೀರಿನ ಮೇಲೆ, ಎರಡು ತಿಂಗಳು ಮನೆಯಲ್ಲಿ. ಮಕ್ಕಳಿಲ್ಲ. ಇದನ್ನು ಅವರು ಮರುಕ ಬೇಡದ ದನಿಯಲ್ಲಿ, ಸೂಜಿಗೆ ದಾರ ಪೋಣಿಸುತ್ತ ಹೇಳಿ ಮುಗಿಸುತ್ತಾರೆ.

ರೇಡಿಯೊಗೆ ಅವರು ಬಂದದ್ದು ಒಂದು ಎಡವಟ್ಟಿನಿಂದ. ಹದಿನೇಳು ವರ್ಷದ ಹಿಂದೆ ಕಾರ್ಯಕ್ರಮ ಶುರುವಾದಾಗ ನಿರೂಪಣೆಗೆ ಒಳ್ಳೆ ಕಂಠದ ಗಂಡಸೊಬ್ಬರು ಇದ್ದರು. ನಾಟಕಕ್ಕೆ ನಾಲ್ವರು ತಿಯಾತ್ರ್ ನಟರನ್ನು ಕರೆಸಿದ್ದರು. ರೇಡಿಯೊದಲ್ಲಿ ಯಾರೂ ನೋಡುವುದಿಲ್ಲ, ಕೈಯಲ್ಲಿ ಕಾಗದ ಹಿಡಿದು ಓದಿದರೆ ಆಯಿತು. ಆದರೆ ನಟರು ಒಪ್ಪಬೇಕಲ್ಲ! ಕಾಗದ ನೋಡಿ ಓದುವುದು ಗುಮಾಸ್ತರ ಕೆಲಸ, ನಮಗೆ ಪ್ರಾಂಪ್ಟರ್ ಬೇಕು ಎಂದು ಪಟ್ಟು ಹಿಡಿದರು. ಲಿಂದಾ ಬಾಯ್‌ಗೆ ಕರೆ ಹೋಯಿತು. ಇವರು ಬಂದವರೇ, ಪ್ರಾಂಪ್ಟರ್ ಕಾಣಬಾರದು ಎಂಬ ಅಪ್ಪನ ಮಾತಿಗೆ ತಪ್ಪದೆ, ನಾಟಕದ ಹಸ್ತಪ್ರತಿ ಮತ್ತು ಟಾರ್ಚ್ ಹಿಡಿದು ಮೇಜಿನ ಕೆಳಗೆ ಕೂತರು. ಮೇಜಿನ ಮೇಲಿನ ಮೈಕಿಗೆ ಪಿಸುಮಾತೂ ಕೇಳಿಸುತ್ತದೆ ಎಂದು ಅಲ್ಲಿದ್ದ ಯಾರಿಗೂ ಹೊಳೆಯಲಿಲ್ಲ.

ಆ ಭಾನುವಾರ ಹದಿನಾಲ್ಕು ಹಳ್ಳಿಗಳಿಗೆ ಪ್ರತಿ ಮಾತೂ ಎರಡೆರಡು ಸಲ ಕೇಳಿಸಿತು. ಮೊದಲು ಹೆಂಗಸಿನ ಪಿಸುದನಿಯಲ್ಲಿ “ನಾನು ನಿನ್ನನ್ನು ಮದುವೆಯಾಗಲಾರೆ ರೊಬರ್ಟ್,” ಆಮೇಲೆ ನಾಯಕಿಯ ಅಳುವಿನಲ್ಲಿ ಅದೇ ಮಾತು. ನಡುವೆ ಒಮ್ಮೆ ಪಿಸುದನಿ, “ಈಗ ಅಳು ಮಾರಾಯ್ತಿ, ಅಳು,” ಎಂದದ್ದೂ ಗಾಳಿಗೆ ಹೋಯಿತು. ಜನ ಬಿದ್ದು ಬಿದ್ದು ನಕ್ಕರು. ಮರುದಿನದಿಂದ ಫೋನು: ಯಾರು ಆ ಹೆಂಗಸು? ಅವಳೇ ಮಾತಾಡಲಿ! ಒಳ್ಳೆ ಕಂಠದವರು ಮೂರು ವಾರಕ್ಕೆ ಮುನಿಸಿಕೊಂಡು ಹೊರಟರು. ಲಿಂದಾ ಬಾಯ್ ಮೇಜಿನ ಕೆಳಗಿಂದ ಎದ್ದು ಕುರ್ಚಿಯ ಮೇಲೆ ಕೂತರು. ಅಂದಿನಿಂದ ಒಂದು ನಿಯಮವಿದೆ: ಬೇರೆಯವರು ಹಾಡುವಾಗ, ಆಡುವಾಗ ಅವರ ಮೈಕು ಬಂದ್. ಪಿಸುಗುಟ್ಟುವುದನ್ನು ಮಾತ್ರ ಅವರು ಇಂದಿಗೂ ಬಿಟ್ಟಿಲ್ಲ.

ಇನ್ನೊಂದು ಪದ್ಧತಿ ಅವರೇ ಹುಟ್ಟುಹಾಕಿದ್ದು. ತಿಯಾತ್ರ್‌ನಲ್ಲಿ ಹಾಡು ಹಿಡಿಸಿದರೆ ಜನ ಸೀಟಿ ಹೊಡೆಯುತ್ತಾರೆ. ಒಳಗೆ ಹೋದ ಹಾಡುಗಾರ ಮತ್ತೆ ಬಂದು ಇನ್ನೊಂದು ನುಡಿ ಹಾಡಬೇಕು. ಹಾಗೆಂದೇ ಹಾಡುಗಾರರು ಒಂದೆರಡು ನುಡಿಗಳನ್ನು ಕಿಸೆಯಲ್ಲಿ ಉಳಿಸಿಕೊಂಡು ಬರುತ್ತಾರೆ. ರೇಡಿಯೊಗೆ ಸೀಟಿ ಎಲ್ಲಿಂದ ತರುವುದು? ಲಿಂದಾ ಬಾಯ್ ಒಂದು ಹಳೆಯ ಗುಂಡಿ ಫೋನು ತಂದಿಟ್ಟರು. ಹಾಡು ಮುಗಿದ ಮೇಲೆ ಮಿಸ್ಡ್ ಕಾಲ್ ಕೊಡಿ, ಮೂವತ್ತು ಬಂದರೆ ಒಂದು ನುಡಿ ಹೆಚ್ಚು. ಫೋನನ್ನು ಮಡಿಸಿದ ಟವೆಲಿನ ಮೇಲೆ ಇಡುತ್ತಾರೆ, ನಡುಗಿದರೆ ಸದ್ದಾಗದಿರಲಿ ಎಂದು. ಬೆಳಕು ಮಿನುಗಿದ ಹಾಗೆಲ್ಲ ನೋಟ್‌ಬುಕ್ಕಿನಲ್ಲಿ ಒಂದೊಂದು ಗೀಟು. ಇಂತಹ ನೋಟ್‌ಬುಕ್ಕುಗಳು ಅವರ ಕಪಾಟಿನಲ್ಲಿ ನಲವತ್ತೆರಡು ಇವೆ.

ಈಗ ಸೊಳ್ಳೆಯ ವಿಷಯ. ತಿಯಾತ್ರ್‌ನ ಹಳೆಯ ಹಾಸ್ಯಗಾರ ಬೊನಿಫಾಸ್ ಕೊಲಾಸೊ ಅವರಿಗೆ ಎಪ್ಪತ್ತಾರು. ಆಳು ಸಣಕಲು, ಅದಕ್ಕೇ ಬೂತಾಯಿ ಮೀನಿನ ಹೆಸರು ಅಂಟಿಕೊಂಡು ‘ಬೊನಿ ತಾರ್ಲೊ’ ಆದರು. ಮೊದಲ ವಾರದಿಂದಲೂ ‘ಬಲ್ಕಾಂವ್’ನ ಕೊನೆಯ ಹದಿನೈದು ನಿಮಿಷ ಅವರದೇ. ಒಂಬತ್ತು ವರ್ಷದ ಹಿಂದೆ ಲಿಂದಾ ಬಾಯ್ ಗಂಡನನ್ನು ಮಣ್ಣು ಮಾಡಿದ್ದು ಗುರುವಾರ. ಭಾನುವಾರ ಹನ್ನೊಂದಕ್ಕೆ ಅವರು ಬಂದು ಮೈಕಿನ ಮುಂದೆ ಕೂತರು, ಮಾತು ಹೊರಡಲಿಲ್ಲ. ಬೊನಿ ತಮ್ಮ ಕುರ್ಚಿಯನ್ನು ಪಕ್ಕಕ್ಕೆ ಎಳೆದುಕೊಂಡು ಒಂದು ಗಂಟೆ ಪೂರ್ತಿ ಒಬ್ಬರೇ ನಡೆಸಿದರು.

“ಅವನು ಅವತ್ತು ಒಂದು ಸಲವೂ ನನ್ನ ಕಡೆ ನೋಡ್ಲಿಲ್ಲ. ನೋಡಿದ್ರೆ ನಾನು ಅಳ್ತಿದ್ದೆ,” ಎನ್ನುತ್ತಾರೆ ಲಿಂದಾ ಬಾಯ್.

ಕಳೆದ ಮಳೆಗಾಲದಲ್ಲಿ ಬೊನಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಸೋತಿತು, ನಾಲಿಗೆ ಸುಧಾರಿಸಿತು, ಆದರೆ ಮಾತು ಆಗಾಗ ನಡುದಾರಿಯಲ್ಲಿ ಕೈಕೊಡುತ್ತದೆ. ಸ್ಟುಡಿಯೊದ ಕಂಪ್ಯೂಟರಿಗೆ ಒಂದು ಬುದ್ಧಿ ಕಲಿಸಿಟ್ಟಿದ್ದಾರೆ: ಇಪ್ಪತ್ತು ಸೆಕೆಂಡು ಏನೂ ಸದ್ದಿಲ್ಲದಿದ್ದರೆ ಏನೋ ಕೆಟ್ಟಿದೆ ಎಂದುಕೊಂಡು ಅದು ತಾನಾಗಿ ತುಂಬಿಟ್ಟ ಧ್ವನಿ ಹಾಕುತ್ತದೆ. ಕಳೆದ ಭಾನುವಾರ ಬೊನಿ ಹಾಡಿನ ನಡುವೆ ತಡೆದು ನಿಂತರು. ಇಪ್ಪತ್ತು ಸೆಕೆಂಡು ದಾಟಿತು. ಹದಿನಾಲ್ಕು ಹಳ್ಳಿಗಳಲ್ಲಿ ಬೊನಿಯ ಬದಲು ‘ನಿಂತ ನೀರಿನಲ್ಲಿ ಡೆಂಗಿ ಸೊಳ್ಳೆ ಬೆಳೆಯುತ್ತದೆ’ ಎಂಬ ಎಚ್ಚರಿಕೆ ಮೊಳಗಿತು. ಮತ್ತೆ ಸರಿಪಡಿಸುವ ಹೊತ್ತಿಗೆ ಹನ್ನೆರಡು ಹೊಡೆದಿತ್ತು.

ರೇಡಿಯೊದ ಸಮಿತಿ ಮಂಗಳವಾರ ಕೂತು ತೀರ್ಮಾನಿಸಿದೆ. ಇನ್ನೊಮ್ಮೆ ಹೀಗಾದರೆ ಬೊನಿಯ ಭಾಗವನ್ನು ಮುಂಚೆಯೇ ಧ್ವನಿಮುದ್ರಿಸಿ, ತಡವರಿಕೆ ಕತ್ತರಿಸಿ ಹಾಕುವುದು. ತಪ್ಪು ಎನ್ನಲಾಗದು. ಆದರೆ ಬೊನಿ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದಾರೆ, ಹಾಗಾದರೆ ತಾನು ಬರುವುದಿಲ್ಲ ಎಂದು.

“ಡಬ್ಬಿಯಲ್ಲಿ ತುಂಬಿದ ತಾರ್ಲೊ ಯಾರಿಗೆ ಬೇಕು?” ಎನ್ನುತ್ತಾರೆ ಅವರು.

“ಆಯ್ತವಾರಕ್ಕೋಸ್ಕರ ಅವನು ಶನಿವಾರ ಗಡ್ಡ ತೆಗೆಸ್ತಾನೆ, ಅಂಗಿಗೆ ಇಸ್ತ್ರಿ ಹಾಕಿಸ್ತಾನೆ,” ಲಿಂದಾ ಬಾಯ್ ನನಗೆ ಮೆಲ್ಲಗೆ ಹೇಳುತ್ತಾರೆ. “ಇದು ತಪ್ಪಿದ್ರೆ ಅವನು ಮಂಚ ಬಿಟ್ಟು ಏಳ್ಲಿಕ್ಕಿಲ್ಲ. ನಂಗೊತ್ತುಂಟು.”

ಹತ್ತೂವರೆಗೆ ನಾವು ಸ್ಟುಡಿಯೊದಲ್ಲಿದ್ದೇವೆ. ಊರಿನ ಹಳೆ ಫುಟ್‌ಬಾಲ್ ಕ್ಲಬ್ಬಿನ ಮಹಡಿ. ತುಕ್ಕು ಹಿಡಿದ ಟ್ರೋಫಿಗಳ ಪಕ್ಕದಲ್ಲೇ ಗಾಜಿನ ಕೋಣೆ. ಗಾಜಿನಾಚೆ ಯಂತ್ರಗಳ ಮುಂದೆ ಆಗ್ನೆಲ್ ವಾಲಾದಾರೆಸ್ ಕೂತಿದ್ದಾನೆ. ಮೂವತ್ನಾಲ್ಕರ ಗಂಡಾಳು, ವಾರವೆಲ್ಲ ಈ ರೇಡಿಯೊ ನೋಡಿಕೊಳ್ಳುವವನು. ಬೊನಿ ಇಸ್ತ್ರಿ ಅಂಗಿ ತೊಟ್ಟು, ತಲೆಯ ಟೊಪ್ಪಿ ತೆಗೆದು ಮೇಜಿನ ಮೇಲಿಟ್ಟು ಕೂರುತ್ತಾರೆ.

“ಏ ಲಿಂದಾ, ಒಂದು ಮಾತು. ನಾನು ನಿಂತುಬಿಟ್ರೆ ನೀನು ಮೈಕು ಹಾಕಿ ನನ್ನ ಹಾಡು ಹಾಡ್ಬೇಡ.”

“ನಾನ್ಯಾಕೆ ಹಾಡ್ಲಿ? ನನ್ನ ದನಿ ಕೇಳಿದ್ರೆ ಇದ್ದ ಕೋಳಿಯೂ ಮೊಟ್ಟೆ ನಿಲ್ಲಿಸ್ತದೆ.”

“ತಮಾಷೆ ಅಲ್ಲ ಮಾರಾಯ್ತಿ. ನೀನು ಹಾಡಿದ್ರೆ ಜನ ಪಾಪ ಅಂತಾರೆ. ಪಾಪಕ್ಕಿಂತ ಸೊಳ್ಳೆ ಆಗ್ಬಹುದು.”

“ಆಯ್ತು. ಪಿಸುಗುಟ್ಬಹುದಾ?”

“ಅದಿಲ್ಲದೆ ನಾನು ಯಾವತ್ತು ಹಾಡಿದ್ದೇನೆ?”

ಆಗ್ನೆಲ್ ಬಾಗಿಲಲ್ಲಿ ಇಣುಕುತ್ತಾನೆ. “ಅಂಕಲ್, ಆ ಇಪ್ಪತ್ತು ಸೆಕೆಂಡು ನನ್ನ ಕೈಯಲ್ಲಿಲ್ಲ. ಸಮಿತಿಯವರು ಮುಟ್ಬೇಡ ಅಂದಿದ್ದಾರೆ.” ಅವನ ಮುಖ ಸಪ್ಪಗಿದೆ.

“ನೀನು ಎಂತಕ್ಕೆ ಹೆದರ್ತಿ? ಮರೆಯುವವನು ನಾನು,” ಎನ್ನುತ್ತಾರೆ ಬೊನಿ.

ಹನ್ನೊಂದು. ಕೆಂಪು ದೀಪ ಹತ್ತುತ್ತದೆ. “ಕುರ್ಚಿ ಎಳ್ಕೊಳ್ಳಿ, ಬಲ್ಕಾಂವಿನಲ್ಲಿ ಜಾಗ ಉಂಟು,” ಎಂದು ಲಿಂದಾ ಬಾಯ್ ಎಂದಿನಂತೆ ಶುರುಮಾಡುತ್ತಾರೆ. ಸಿಪ್ರು ಅಂಕಲ್ಲಿನ ಹಲ್ಲು ಗಾಳಿಗೆ ಹಾರುತ್ತದೆ. ಅಕ್ಕತಂಗಿಯರಿಬ್ಬರು ಗಿಟಾರಿನ ಜೊತೆ ಒಂದು ಹಾಡು ಹಾಡುತ್ತಾರೆ. ಮೂವತ್ನಾಲ್ಕು ಗೀಟು, ಒಂದು ನುಡಿ ಹೆಚ್ಚು. ನಾಟಕದಲ್ಲಿ ಅತ್ತೆಯೊಬ್ಬಳು ಸೊಸೆಯ ಫ್ರಿಜ್ಜಿಗೆ ಬೀಗ ಹಾಕುತ್ತಾಳೆ. ಲಿಂದಾ ಬಾಯ್ ತುಟಿ ಒಂದು ಕ್ಷಣವೂ ನಿಲ್ಲುವುದಿಲ್ಲ. ಮೈಕು ಬಂದ್ ಆದರೂ ಎಲ್ಲರ ಮಾತೂ ಅವರ ಬಾಯಲ್ಲಿ ಮೊದಲು ಹುಟ್ಟುತ್ತದೆ. ಹನ್ನೊಂದೂ ನಲವತ್ತೈದಕ್ಕೆ ಅವರು ಕುರ್ಚಿಯನ್ನು ಬೊನಿಯ ಪಕ್ಕಕ್ಕೆ ಎಳೆದುಕೊಳ್ಳುತ್ತಾರೆ.

ಬೊನಿ ಚೆನ್ನಾಗಿಯೇ ಶುರುಮಾಡುತ್ತಾರೆ. “ಕಳೆದ ವಾರ ನನ್ನನ್ನು ಒಂದು ಸೊಳ್ಳೆ ಓಡಿಸಿತು. ನನ್ನಲ್ಲಿ ರಕ್ತ ಎಷ್ಟುಂಟು ಅಂತ ನೋಡ್ಲಿಕ್ಕೆ ಬಂದಿರ್ಬೇಕು, ನಿರಾಸೆಯಾಗಿ ಹೋಯ್ತು.” ಆಮೇಲೆ ಮೀನಿನ ಮಾರುಕಟ್ಟೆ. “ಮೊದಲು ನಾವು ಬಂಗಡೆಯ ಬೆಲೆ ಕೇಳ್ತಿದ್ವಿ. ಈಗ ಬಂಗಡೆಯೇ ಬುಟ್ಟಿಯಿಂದ ತಲೆ ಎತ್ತಿ ಕೇಳ್ತದೆ, ನಿಂಗೆ ಸಂಬಳ ಎಷ್ಟು?” ಗಾಜಿನಾಚೆ ಆಗ್ನೆಲ್ ನಗುತ್ತಾನೆ. ನನಗೂ ಸ್ವಲ್ಪ ಧೈರ್ಯ ಬರುತ್ತದೆ. ಹಿಂದೆಯೇ ಹಾಡು, ಬೊನಿಯದೇ ರಚನೆ:

ಊರ ಮದುವೆಗೆ ಕರೆ ಬಂತು ನನ್ನ ಹಂದಿಗೆ,
ನನಗೆ ಬರಲಿಲ್ಲ;
ಹೋದ ಹಂದಿ ತಿರುಗಿ ಬರಲಿಲ್ಲ,
ಊಟ ಭಾರಿ ರುಚಿ ಅಂದರು ಎಲ್ಲ.

ಎರಡನೆಯ ನುಡಿಗೆ ಬಾಯಿ ತೆರೆಯುತ್ತಾರೆ. ಮಾತು ಬರುವುದಿಲ್ಲ.

ಲಿಂದಾ ಬಾಯ್ ಅವರ ಕಿವಿಯ ಹತ್ತಿರ ಪಿಸುಗುಟ್ಟುತ್ತಾರೆ. ಬೊನಿ ತಲೆಯಾಡಿಸುತ್ತಾರೆ, ಕೇಳಿಸಿದೆ, ಆದರೆ ಕಿವಿಗೆ ಬಿದ್ದದ್ದು ನಾಲಿಗೆಗೆ ಇಳಿಯುತ್ತಿಲ್ಲ. ಮತ್ತೊಮ್ಮೆ ಪಿಸುಗುಟ್ಟುತ್ತಾರೆ. ಆಗ್ನೆಲ್ ಗಾಜಿನಾಚೆ ಎದ್ದು ನಿಂತು ಬೆರಳೆತ್ತಿ ಎಣಿಸುತ್ತಿದ್ದಾನೆ: ಎಂಟು, ಒಂಬತ್ತು, ಹತ್ತು. ಬೊನಿಯ ಎಡಗೈ ಮೇಜಿನಂಚನ್ನು ಗಟ್ಟಿಯಾಗಿ ಹಿಡಿದಿದೆ. ಲಿಂದಾ ಬಾಯ್ ಕೈ ತಮ್ಮ ಮೈಕಿನ ಗುಂಡಿಯವರೆಗೆ ಹೋಗಿ ಹಿಂದೆ ಬರುತ್ತದೆ. ಕೊಟ್ಟ ಮಾತಿದೆಯಲ್ಲ. ನಾನು ಯಾವುದೋ ಊರಿನ ಯಾವುದೋ ದೇವರಿಗೆ ಕೈಮುಗಿಯುತ್ತೇನೆ.

ಆಗ ಟವೆಲಿನ ಮೇಲೆ ಫೋನು ಮಿನುಗುತ್ತದೆ.

ಹಾಡು ಮುಗಿದಿಲ್ಲ. ಮುಗಿಯದ ಹಾಡಿಗೆ ಹದಿನೇಳು ವರ್ಷದಲ್ಲಿ ಯಾರೂ ಮಿಸ್ಡ್ ಕಾಲ್ ಕೊಟ್ಟವರಲ್ಲ. ಮಿನುಗಿ ಆರುತ್ತದೆ, ಮತ್ತೆ ಮಿನುಗುತ್ತದೆ. ಲಿಂದಾ ಬಾಯ್ ಒಂದು ಗಳಿಗೆ ಅದನ್ನೇ ನೋಡುತ್ತಾರೆ. ಆಮೇಲೆ ಫೋನಿನ ಅಡಿಯಿಂದ ಟವೆಲನ್ನು ಸರಕ್ಕನೆ ಎಳೆದು, ಫೋನನ್ನು ಬೊನಿಯ ಮೈಕಿನ ಬುಡದಲ್ಲಿ ಬರಿಯ ಹಲಗೆಯ ಮೇಲೆ ಇಡುತ್ತಾರೆ.

ಗುರ್ರ್... ಗುರ್ರ್... ಫೋನು ಹಲಗೆಯ ಮೇಲೆ ನಡುಗುತ್ತದೆ. ಆ ಸದ್ದು ಮೈಕಿಗೆ, ಮೈಕಿನಿಂದ ಹದಿನಾಲ್ಕು ಹಳ್ಳಿಗಳಿಗೆ ಹೋಗುತ್ತದೆ. ಆಗ್ನೆಲ್ ಎತ್ತಿದ ಬೆರಳು ಹಾಗೇ ನಿಲ್ಲುತ್ತದೆ. ಯಂತ್ರಕ್ಕೆ ಸದ್ದು ಸಿಕ್ಕಿತು, ಅದು ಸುಮ್ಮನಾಯಿತು. ಹಳ್ಳಿಗಳಲ್ಲಿ ಕೇಳುತ್ತಿದ್ದವರಿಗೂ ವಿಷಯ ತಿಳಿದಿರಬೇಕು. ಒಂದು ಕಾಲ್ ನಿಲ್ಲುವುದರೊಳಗೆ ಇನ್ನೊಂದು, ಅದು ನಿಲ್ಲುವುದರೊಳಗೆ ಮತ್ತೊಂದು. ಯಾರೂ ಎತ್ತುವವರಿಲ್ಲ ಎಂದು ಗೊತ್ತಿದ್ದೂ ಊರೆಲ್ಲ ಫೋನು ಮಾಡುತ್ತಿದೆ.

ಬೊನಿ ಫೋನನ್ನು ನೋಡುತ್ತಾರೆ. ಅವರ ಎಡಗೈ ಮೇಜಿನಂಚು ಬಿಟ್ಟು ನಿಧಾನಕ್ಕೆ ಟೊಪ್ಪಿಯ ಕಡೆ ಹೋಗುತ್ತದೆ. ಐವತ್ತು ವರ್ಷ ಅವರು ಮಾಡಿದ್ದು ಅದನ್ನೇ: ಸೀಟಿ ಬಿದ್ದರೆ ಟೊಪ್ಪಿ ಹಾಕಿಕೊಂಡು ಮತ್ತೆ ರಂಗಕ್ಕೆ ಬರುವುದು. ಟೊಪ್ಪಿ ತಲೆಗೇರುತ್ತದೆ. ಲಿಂದಾ ಬಾಯ್ ತುಟಿ ಅಲ್ಲಾಡುತ್ತದೆ. ಅದರ ಹಿಂದೆಯೇ ಬೊನಿಯ ದನಿ ಏಳುತ್ತದೆ:

ಮದುಮಗಳು ಕೇಳಿದಳು, ಹಂದಿಯ ಯಜಮಾನ ಎಲ್ಲಿ?
ಅವನಿಗೂ ಒಂದು ತಟ್ಟೆ ಕಳಿಸಿ;
ತಟ್ಟೆ ಬಂತು, ಮೂಸಿ ನೋಡಿದೆ,
ನೆಂಟನ ಗುರುತು ಸಿಕ್ಕಿತು, ಕಣ್ಣೀರು ಒರೆಸಿ.

ಕಣ್ಣೀರು ಒರೆಸಿಕೊಂಡದ್ದು ಬೊನಿ ಒಬ್ಬರೇ ಅಲ್ಲ. ಹಾಡು ಮುಗಿಯುವ ಹೊತ್ತಿಗೆ ಹನ್ನೆರಡಕ್ಕೆ ಒಂದು ನಿಮಿಷ. ಹೆಚ್ಚಿನ ನುಡಿಗೆ ಸಮಯವಿಲ್ಲ. ಇಗರ್ಜಿಯ ಗಂಟೆಯ ಜೊತೆ ಕೆಂಪು ದೀಪ ಆರುತ್ತದೆ. ಆಗ್ನೆಲ್ ಕಂಪ್ಯೂಟರಿನ ಪಟ್ಟಿ ನೋಡಿ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ.

“ಹದಿನಾರು ಸೆಕೆಂಡು. ನಿಯಮ ಇಪ್ಪತ್ತು. ಸಮಿತಿಗೆ ಹಾಗೇ ಬರೀತೇನೆ.”

“ಬಾಕಿ ನಾಲ್ಕು ಸೆಕೆಂಡು ಮುಂದಿನ ವಾರಕ್ಕೆ ಇಟ್ಕೋ,” ಎನ್ನುತ್ತಾರೆ ಬೊನಿ. ಟೊಪ್ಪಿ ಇನ್ನೂ ತಲೆಯ ಮೇಲಿದೆ.

ಲಿಂದಾ ಬಾಯ್ ಕನ್ನಡಕ ಇಳಿಸಿಕೊಂಡು ಫೋನಿನಲ್ಲಿ ನಂಬರುಗಳನ್ನು ನೋಡುತ್ತ ಗೀಟು ಎಳೆಯುತ್ತಿದ್ದಾರೆ. ಮೊದಲನೆಯದು ಇನಾಸನ ಪಾವಿನ ಭಟ್ಟಿಯದು. ಒಟ್ಟು ಅರವತ್ತೊಂದು. ಎರಡು ನುಡಿ ಹೆಚ್ಚು ಹಾಡಬೇಕಾದ್ದು ಉಳಿದಿದೆ ಎಂದು ಬೊನಿಯ ಹೆಸರಿನ ಮುಂದೆ ಬರೆದು, ಟವೆಲನ್ನು ಮತ್ತೆ ಮಡಿಸಿ ಫೋನನ್ನು ಅದರ ಮೇಲಿಡುತ್ತಾರೆ.

ಇಂತಹ ಲೇಖನ ಬರೆಯುವವರು ಕೊನೆಗೆ ಕೇಳುವ ಪ್ರಶ್ನೆಯನ್ನು ನಾನೂ ಕೇಳುತ್ತೇನೆ. ನಿಮ್ಮ ಆಸೆ ಏನು? ಸನ್ಮಾನ, ಪ್ರಶಸ್ತಿ, ಪೋಸ್ಟರಿನಲ್ಲಿ ಹೆಸರು?

“ಹೆಸರು ಯಾಕೆ ಮಾಸ್ತರ್? ಇವತ್ತು ಇಡೀ ಊರು ಅವನಿಗೆ ಪ್ರಾಂಪ್ಟ್ ಮಾಡಿತು, ಅವರಲ್ಲಿ ಯಾರ ಹೆಸರು ಬರೀತೀರಿ ನೀವು?” ಎನ್ನುತ್ತಾರೆ. ಬೊನಿ ಮೆಟ್ಟಿಲಿನ ಹತ್ತಿರ ನಿಂತು, ಇಳಿಯಲು ಇವರ ಭುಜಕ್ಕಾಗಿ ಕಾಯುತ್ತಿದ್ದಾರೆ. ಲಿಂದಾ ಬಾಯ್ ಪೆನ್ನನ್ನು ತುರುಬಿಗೆ ಸಿಕ್ಕಿಸಿಕೊಂಡು ಏಳುತ್ತಾರೆ.

“ಆಸೆ ಅಂತ ಬೇಕೇ ಬೇಕಾದ್ರೆ ಇಷ್ಟು ಬರ್ಕೊಳ್ಳಿ. ದೇವರು ಇವನಿಗೆ ಇನ್ನಷ್ಟು ಆಯ್ತವಾರ ಕೊಡ್ಲಿ. ಹಾಡಿನ ಸಾಲು ನಾನು ಹೇಳಿಕೊಡ್ತೇನೆ.”